ಕಾಪಿ ಹೊಡೆಯೋದಲ್ಲ, ಕಾಪಿ ಕೊಡೋದು!

ನಮ್ಮಜ್ಜಿಯ ಬಾಯಲ್ಲಿ ‘ಕಾಪಿ’ ಅಂದರೆ ಲೋಟದಲ್ಲಿ ಹಬೆಯಾಡುವ ಕಾಫಿ. ಪಿಯುಸಿಯಲ್ಲಿ ಹಿಂದಿನ ಬೆಂಚಿನವರ ಬಾಯಲ್ಲಿ ಅದೇ ಮಾತು ಬಂದರೆ, ಸ್ಕ್ವಾಡ್‌ನವರು ಒಳಗೆ ಬರುವ ಮೊದಲು ಮುಗಿಸಬೇಕಾದ ಕೆಲಸ. ಜೆರಾಕ್ಸ್ ಅಂಗಡಿಯಲ್ಲಿ ‘ಎಷ್ಟು ಕಾಪಿ?’ ಅಂತ ಕೇಳಿದರೆ ಜೇಬಿನ ಚಿಲ್ಲರೆ ಎಣಿಸಿಕೊಳ್ಳಬೇಕು. ಕೆಲಸಕ್ಕೆ ಅರ್ಜಿ ಹಾಕಲು ಶುರು ಮಾಡಿದ ಮೇಲಂತೂ ಹಾರ್ಡ್ ಕಾಪಿ, ಸಾಫ್ಟ್ ಕಾಪಿ, ಸೆಲ್ಫ್ ಅಟೆಸ್ಟೆಡ್ ಕಾಪಿ ಅಂತ ಅದರ ಸಂಸಾರವೇ ಬೆಳೆಯುತ್ತದೆ. ಮೂರಕ್ಷರದ ಕನ್ನಡವೂ ಅಲ್ಲದ, ಈಗ ಪೂರ್ತಿ ಇಂಗ್ಲಿಷೂ ಅಲ್ಲದ ಈ ಎರಡಕ್ಷರದ ಪದಕ್ಕೆ ಇದಕ್ಕಿಂತ ಹೆಚ್ಚಿನ ಅರ್ಥ ಬೇಕೇ?

ಬೇಕು ಅಂತ ಗೊತ್ತಾಗಿದ್ದು, ಪತ್ರಿಕೋದ್ಯಮದ ಎಂ.ಎ. ಓದುವಾಗ ಮಲೆನಾಡಿನ ಒಂದು ಜಿಲ್ಲಾ ಕೇಂದ್ರದಲ್ಲಿ ದಿನಪತ್ರಿಕೆಯೊಂದಕ್ಕೆ ಎರಡು ತಿಂಗಳ ಇಂಟರ್ನ್‌ಶಿಪ್‌ಗೆ ಹೋದಾಗ. ಮೊದಲ ದಿನ ಸಂಜೆ ಆರರ ಮೇಲೆ ಆ ಕಚೇರಿಯಲ್ಲಿ ನನ್ನ ಕಿವಿಗೆ ಬಿದ್ದ ಮಾತುಗಳಿವು:

‘ಆ್ಯಕ್ಸಿಡೆಂಟ್ ಕಾಪಿ ಬಂತಾ?’

‘ಈ ಕಾಪಿ ತುಂಬಾ ಗಲೀಜಾಗಿದೆ, ಇನ್ನೊಂದ್ಸಲ ನೋಡಿ.’

‘ಏಜೆನ್ಸಿ ಕಾಪಿ ಇದೆಯಲ್ಲ, ಅದನ್ನೇ ತಗೊಳ್ಳಿ.’

‘ಜಾತ್ರೆ ಇದೆ, ಆ ಊರಿಗೆ ನಾಳೆ ಐವತ್ತು ಕಾಪಿ ಜಾಸ್ತಿ ಹೋಗ್ಲಿ.’

‘ಜಾಹೀರಾತಿನ ಕಾಪಿ ಇನ್ನೂ ಫೈನಲ್ ಆಗಿಲ್ಲ ಸರ್.’

‘ಇದು ನಿನ್ನೆ ಆ ಪೇಪರಲ್ಲಿ ಬಂದಿದ್ದರ ಕಾಪಿ ಅಲ್ವೇನ್ರೀ?’

ಆರು ಮಾತು, ಪದ ಒಂದೇ. ಕೊನೆಯದೊಂದು ಮಾತ್ರ ನಮ್ಮ ಪಿಯುಸಿ ಹಿಂದಿನ ಬೆಂಚಿನ ಅರ್ಥಕ್ಕೆ ಹತ್ತಿರ. ಉಳಿದವುಗಳ ಬೆನ್ನು ಹತ್ತಿ ಹೋದರೆ, ಒಂದು ಸುದ್ದಿ ಹುಟ್ಟಿದ ಜಾಗದಿಂದ ನಿಮ್ಮ ಮನೆಯ ಜಗಲಿಗೆ ಬಂದು ಬೀಳುವವರೆಗಿನ ದಾರಿ ಪೂರ್ತಿ ಕಾಣಿಸುತ್ತದೆ.

ಅಸಲಿಗೂ ‘ಕಾಪಿ’ ಅಂತಲೇ ಹೆಸರು

ಪತ್ರಿಕಾ ಕಚೇರಿಯಲ್ಲಿ ಕಾಪಿ ಅಂದರೆ ಮೊದಲ ಅರ್ಥ, ವರದಿಗಾರ ಬರೆದು ಕೊಟ್ಟ ಬರಹ. ಸುದ್ದಿಯಾಗಲಿ, ಲೇಖನವಾಗಲಿ, ನಾಲ್ಕು ಸಾಲಿನ ಶ್ರದ್ಧಾಂಜಲಿಯಾಗಲಿ, ಬರೆದು ಡೆಸ್ಕಿಗೆ ಒಪ್ಪಿಸಿದ್ದೆಲ್ಲ ಕಾಪಿ. ಇದು ನನಗೆ ಸೋಜಿಗ ಅನ್ನಿಸಿತು. ನಾನೇ ಹೋಗಿ, ನಾನೇ ಕೇಳಿ, ನಾನೇ ಬರೆದದ್ದು. ಯಾರನ್ನೂ ನೋಡಿ ಬರೆದಿದ್ದಲ್ಲ. ಅದಕ್ಕೆ ಯಾಕೆ ನಕಲಿನ ಹೆಸರು?

ಉತ್ತರ ಹೇಳಿದವರು ನಮ್ಮ ಮುಖ್ಯ ಉಪಸಂಪಾದಕರು. ಮೊಳೆ ಜೋಡಿಸುವ ಕಾಲದಲ್ಲಿ ಕೆಲಸಕ್ಕೆ ಸೇರಿದವರು ಅವರು. ‘ನೋಡಮ್ಮ, ಬರೆಯೋನಿಗೆ ಅದು ಬರಹ. ಮೊಳೆ ಜೋಡಿಸೋನಿಗೆ ಅದು ಕಾಪಿ. ಎದುರಿಗೆ ಇಟ್ಕೊಂಡು ನೋಡ್ಕೊಂಡು ಜೋಡಿಸಬೇಕಲ್ಲ’ ಅಂದರು. ಅಷ್ಟೇ ವಿಷಯ. ಅಚ್ಚುಮನೆಯಲ್ಲಿ ಕಂಪೋಸಿಟರ್ ಒಂದೊಂದೇ ಅಕ್ಷರದ ಸೀಸದ ಮೊಳೆಯನ್ನು ಖಾನೆಯಿಂದ ಹೆಕ್ಕಿ ಸಾಲು ಕಟ್ಟುವಾಗ ಕಣ್ಣ ಮುಂದೆ ಇರುತ್ತಿದ್ದ ಹಾಳೆಯೇ ಕಾಪಿ. ಅದು ಯಾವುದರದ್ದೋ ನಕಲು ಅಂತಲ್ಲ, ಅದರಿಂದ ಸಾವಿರಾರು ನಕಲು ಹೊರಡಬೇಕು ಅಂತ ಆ ಹೆಸರು. ಮೊಳೆಗಳು ಮ್ಯೂಸಿಯಂ ಸೇರಿದವು. ನಾವೀಗ ನುಡಿಯಲ್ಲೋ ಯುನಿಕೋಡ್‌ನಲ್ಲೋ ಟೈಪ್ ಮಾಡಿ ಮೇಲ್ ಮಾಡುತ್ತೇವೆ. ಹೆಸರು ಮಾತ್ರ ಅಲ್ಲೇ ಉಳಿದುಕೊಂಡಿದೆ.

ಪದದ ಬೇರು ಹುಡುಕಿದರೆ ಇನ್ನೂ ಚೆನ್ನಾಗಿದೆ. ಇದು ಲ್ಯಾಟಿನ್ ಭಾಷೆಯ ‘ಕೋಪಿಯಾ’ ಎಂಬ ಪದದಿಂದ ಬಂದದ್ದು. ಅದರ ಅರ್ಥ ಸಮೃದ್ಧಿ, ಹೇರಳ. ಒಂದಿದ್ದದ್ದು ಹಲವಾಗುವುದು ಅಂತ ಇಟ್ಟುಕೊಳ್ಳಿ. ಕದಿಯುವುದಕ್ಕೂ ಆ ಮೂಲಕ್ಕೂ ಸಂಬಂಧವೇ ಇಲ್ಲ.

ಗಲೀಜು ಕಾಪಿ, ಒಳ್ಳೇ ಕಾಪಿ

ಇನ್ನು ವಿಶೇಷಣಗಳು. ‘ಕ್ಲೀನ್ ಕಾಪಿ’ ಅಂದರೆ ಕಾಗುಣಿತ ಸರಿಯಿದ್ದು, ಹೆಸರು, ಊರು, ಸಂಖ್ಯೆಗಳು ತಾಳೆಯಾಗಿ, ಉಪಸಂಪಾದಕರು ಹೆಚ್ಚು ಕೈ ಹಾಕಬೇಕಿಲ್ಲದ ಬರಹ. ‘ಗಲೀಜು ಕಾಪಿ’ ಅಂದರೆ ಅದರ ತಿರುಗಾಮುರುಗಾ. ಪಿಟಿಐ, ಯುಎನ್‌ಐನಂಥ ಸುದ್ದಿಸಂಸ್ಥೆಗಳಿಂದ ಬರುವುದು ‘ಏಜೆನ್ಸಿ ಕಾಪಿ’. 1949ರಲ್ಲಿ ಕೆಲಸ ಶುರು ಮಾಡಿದ ಪಿಟಿಐ ಇವತ್ತಿಗೂ ದೇಶದ ಪತ್ರಿಕೆಗಳಿಗೆ ಸುದ್ದಿ ಒದಗಿಸುತ್ತಿದೆ. ಇದನ್ನು ಹಣ ಕೊಟ್ಟು ಚಂದಾದಾರರಾಗಿ, ಸಂಸ್ಥೆಯ ಹೆಸರು ಹಾಕಿ ಬಳಸುತ್ತಾರೆ. ಹಾಗಾಗಿ ಹತ್ತು ಪತ್ರಿಕೆಗಳಲ್ಲಿ ಒಂದೇ ಸುದ್ದಿ ಒಂದೇ ರೀತಿ ಇದ್ದರೂ ಅದು ಕಳ್ಳತನವಲ್ಲ.

ವಿಚಿತ್ರ ಅಂದರೆ, ಮನುಷ್ಯರೂ ಕಾಪಿಯಾಗುತ್ತಾರೆ! ಇಂಗ್ಲಿಷ್ ಪತ್ರಕರ್ತರು ಒಬ್ಬ ರಾಜಕಾರಣಿಯನ್ನೋ ಆಟಗಾರನನ್ನೋ ‘ಗುಡ್ ಕಾಪಿ’ ಅಂತ ಕರೆದರೆ, ಆತ ಒಳ್ಳೆಯವನು ಅಂತಲ್ಲ. ಬಾಯಿಬಿಟ್ಟರೆ ಸುದ್ದಿಯಾಗುತ್ತದೆ, ಓದುಗರು ಓದುತ್ತಾರೆ ಅಂತ ಅರ್ಥ. ನಿಮ್ಮ ತಾಲ್ಲೂಕಿನಲ್ಲೂ ಅಂಥವರೊಬ್ಬರು ಇದ್ದೇ ಇರುತ್ತಾರೆ, ಹೆಸರು ಬೇಡ ಬಿಡಿ.

ಕಾಪಿಯನ್ನು ಓದಿ, ಅಳೆದು, ತಿದ್ದಿ, ತಲೆಬರಹ ಕೊಡುವವರದು ‘ಕಾಪಿ ಡೆಸ್ಕ್’. ಹಿಂದೆಲ್ಲ ಹಾಳೆಗಳನ್ನು ವರದಿಗಾರರ ಮೇಜಿನಿಂದ ಡೆಸ್ಕಿಗೆ, ಡೆಸ್ಕಿನಿಂದ ಅಚ್ಚುಮನೆಗೆ ಓಡಿಕೊಂಡು ಹೋಗಿ ಕೊಡುವ ಹುಡುಗರಿದ್ದರು. ಅವರನ್ನು ‘ಕಾಪಿ ಬಾಯ್’ ಅನ್ನುತ್ತಿದ್ದರು. ಕಂಪ್ಯೂಟರ್ ಬಂದು ಆ ಕೆಲಸ ಹೋಯಿತು. ಡೆಸ್ಕಿನ ಕೆಲಸವೂ ಅಲ್ಲಾಡುತ್ತಿದೆ. 2017ರಲ್ಲಿ ನ್ಯೂಯಾರ್ಕ್ ಟೈಮ್ಸ್ ತನ್ನ ಪ್ರತ್ಯೇಕ ಕಾಪಿ ಡೆಸ್ಕನ್ನೇ ತೆಗೆದುಹಾಕಲು ನಿರ್ಧರಿಸಿದಾಗ, ಜೂನ್‌ನಲ್ಲಿ ಅಲ್ಲಿನ ಸಿಬ್ಬಂದಿ ಕೆಲಸ ಬಿಟ್ಟು ಬೀದಿಗೆ ಬಂದು ಪ್ರತಿಭಟಿಸಿದರು. ಕೆಲವರ ಕೈಯಲ್ಲಿದ್ದ ಫಲಕಗಳಲ್ಲಿ ಬೇಕೆಂದೇ ಕಾಗುಣಿತ ತಪ್ಪಿಸಿ ಬರೆದಿದ್ದರು. ತಿದ್ದುವವರಿಲ್ಲದಿದ್ದರೆ ಪತ್ರಿಕೆ ಹೀಗಿರುತ್ತದೆ ಅಂತ ತೋರಿಸಲು!

ನಾನು ಕೊಟ್ಟ ಕಾಪಿಗಳು ಡೆಸ್ಕಿನಲ್ಲಿ ಎಷ್ಟು ಇಳಿಯುತ್ತಿದ್ದವು ಅಂತ ದಿನಾ ನೋಡುತ್ತಿದ್ದೆ. ಮುಖ್ಯವಾದದ್ದು ಮೇಲೆ, ವಿವರ ಕೆಳಗೆ ಅಂತ ಕ್ಲಾಸಿನಲ್ಲಿ ‘ತಲೆಕೆಳಗಾದ ಪಿರಮಿಡ್’ ಪಾಠ ಮಾಡಿದ್ದು ಯಾಕೆ ಅಂತ ಆಗ ಅರ್ಥವಾಯಿತು. ರಾತ್ರಿ ಒಂಬತ್ತೂವರೆಗೆ ಜಾಹೀರಾತೊಂದು ಬಂದು ಅರ್ಧ ಕಾಲಂ ನುಂಗಿದರೆ, ಉಪಸಂಪಾದಕರ ಕತ್ತರಿ ಕೆಳಗಿನಿಂದ ಶುರುವಾಗುತ್ತದೆ. ಮೇಲಿನ ಎರಡು ಪ್ಯಾರಾ ಉಳಿದರೂ ಸುದ್ದಿ ಉಳಿಯಬೇಕು.

ಎಷ್ಟು ಕಾಪಿ ಹೋಗುತ್ತೆ?

ಪುಟ ಅಚ್ಚಿಗೆ ಹೋದ ಮೇಲೆ ಕಾಪಿಯ ಅರ್ಥ ಬದಲಾಗುತ್ತದೆ. ಅಲ್ಲಿಂದಾಚೆಗೆ ಅದು ಅಕ್ಷರವಲ್ಲ, ಎಣಿಕೆ. ಪ್ರಸಾರಾಂಗದವರು ಮಾತಾಡುವುದು ಈ ಅರ್ಥದಲ್ಲಿ. ಯಾವ ಏಜೆಂಟರಿಗೆ ಎಷ್ಟು ಕಾಪಿ, ಎಷ್ಟು ವಾಪಸ್ ಬಂತು, ಯಾವ ಊರಲ್ಲಿ ಏರಿತು, ಯಾವ ಊರಲ್ಲಿ ಇಳಿಯಿತು. ಬೆಳಗಿನ ಜಾವ ಬಸ್ ನಿಲ್ದಾಣದ ಪಕ್ಕದಲ್ಲಿ ಕೂತು ಬಂಡಲ್ ಬಿಚ್ಚಿ ಎಣಿಸುವ ಹುಡುಗನಿಗೆ, ಒಳಗಿರುವ ಸುದ್ದಿಗಿಂತ ಕಾಪಿ ಲೆಕ್ಕ ಸರಿಯಿರುವುದು ಮುಖ್ಯ.

ಈ ಲೆಕ್ಕಕ್ಕೂ ಒಬ್ಬ ಸಾಕ್ಷಿ ಬೇಕಲ್ಲ? 1948ರಲ್ಲಿ ಸ್ಥಾಪನೆಯಾದ ಆಡಿಟ್ ಬ್ಯೂರೊ ಆಫ್ ಸರ್ಕ್ಯುಲೇಷನ್ಸ್ ಎಂಬ ಸಂಸ್ಥೆ, ತನ್ನ ಸದಸ್ಯ ಪತ್ರಿಕೆಗಳ ಪ್ರಸಾರ ಸಂಖ್ಯೆಯನ್ನು ಆರು ತಿಂಗಳಿಗೊಮ್ಮೆ ಪರಿಶೀಲಿಸಿ ದೃಢೀಕರಿಸುತ್ತದೆ. ಜಾಹೀರಾತುದಾರರು ದುಡ್ಡು ಸುರಿಯುವ ಮುಂಚೆ ನೋಡುವ ಅಂಕಿಗಳಲ್ಲಿ ಇದೂ ಒಂದು. ಆದರೆ ಕಾಪಿಯ ಸಂಖ್ಯೆಯೇ ಓದುಗರ ಸಂಖ್ಯೆ ಅಲ್ಲ. ಕಟಿಂಗ್ ಶಾಪಿನಲ್ಲಿರುವ ಒಂದೇ ಕಾಪಿಯನ್ನು ಬೆಳಗ್ಗೆಯಿಂದ ಸಂಜೆಯವರೆಗೆ ಎಷ್ಟು ಜನ ಓದುತ್ತಾರೆ, ಲೆಕ್ಕ ಹಾಕಿ! ಅದಕ್ಕೇ ಕಾಪಿಯ ಲೆಕ್ಕ ಬೇರೆ, ಓದುಗರ ಸಮೀಕ್ಷೆ ಬೇರೆ.

ಒಂದನ್ನು ಹಲವು ಮಾಡುವ ಈ ಕೆಲಸ ನಮ್ಮ ನಾಡಿಗೆ ಹೊಸದಲ್ಲ. ಹತ್ತನೇ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ, ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು ಅಂತ ನಾವೆಲ್ಲ ಹೈಸ್ಕೂಲಿನಲ್ಲಿ ಓದಿದ್ದೇವೆ. ಆಗ ಮೊಳೆಯೂ ಇಲ್ಲ, ಯಂತ್ರವೂ ಇಲ್ಲ. ಓಲೆಗರಿಯ ಮೇಲೆ ಒಂದೊಂದು ಪ್ರತಿಯನ್ನೂ ಒಬ್ಬ ಲಿಪಿಕಾರ ಕೂತು ಕಂಠದಿಂದ ಕೊರೆಯಬೇಕಿತ್ತು. ಅಲ್ಲಿ ನೋಡಿ ಬರೆಯುವುದು ಪುಣ್ಯದ ಕೆಲಸ. ಕೃತಿ ಪೊನ್ನನದು ಅನ್ನುವುದನ್ನು ಯಾರೂ ಮರೆಮಾಚಲಿಲ್ಲ.

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ ಹೊರಬಂದಾಗ ಅಚ್ಚಾಗಿದ್ದು ಕಲ್ಲಚ್ಚಿನಲ್ಲಿ. ಕಲ್ಲಚ್ಚಿಗೆ ಮೊಳೆ ಬೇಕಿಲ್ಲ. ಕೈಯಲ್ಲಿ ಬರೆದ ಅಕ್ಷರವೇ ಕಲ್ಲಿನ ಮೇಲಿಂದ ಕಾಗದಕ್ಕೆ ಇಳಿಯುತ್ತದೆ. ಅಂದರೆ ಬರಹವೆಂಬ ಕಾಪಿ, ಓದುಗನ ಕೈ ಸೇರುವ ಕಾಪಿ, ಎರಡರ ನಡುವೆ ಇನ್ನೊಬ್ಬರ ಮೊಳೆ ಜೋಡಣೆ ಇರಲೇ ಇಲ್ಲ. ಆ ಜುಲೈ 1ನ್ನೇ ನಾವು ಪ್ರತಿವರ್ಷ ಪತ್ರಿಕಾ ದಿನವಾಗಿ ಆಚರಿಸುವುದು.

ರೈಟ್ ಯಾವುದು, ರಾಂಗ್ ಯಾವುದು?

ಜಾಹೀರಾತು ವಿಭಾಗಕ್ಕೆ ಹೋದರೆ ಕಾಪಿ ಅಂದರೆ ಜಾಹೀರಾತಿನ ಒಕ್ಕಣೆ. ಚಿತ್ರ, ಲೋಗೊ ಬಿಟ್ಟು ಉಳಿದ ಮಾತು. ಅದನ್ನು ಬರೆಯುವವರು ಕಾಪಿರೈಟರ್. ಇನ್ನೊಂದಿದೆ, ಕಾಪಿರೈಟ್. ಇಂಗ್ಲಿಷ್‌ನಲ್ಲಿ ಒಂದು ‘ಬರೆಯುವ’ ರೈಟ್, ಇನ್ನೊಂದು ‘ಹಕ್ಕಿನ’ ರೈಟ್. ಸ್ಪೆಲ್ಲಿಂಗ್ ಬೇರೆ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ! ‘ಕಾಪಿರೈಟರ್ ಬೇಕಾಗಿದ್ದಾರೆ’ ಅನ್ನುವ ಜಾಹೀರಾತು ನೋಡಿ, ‘ನಮಗೆ ಲಾ ಡಿಗ್ರಿ ಇಲ್ಲವಲ್ಲ’ ಅಂತ ಹಿಂದೆ ಸರಿದ ಗೆಳೆಯನೊಬ್ಬ ನನಗಿದ್ದಾನೆ. ಅವನಿಗೆ ಬರೆಯಲು ಚೆನ್ನಾಗಿ ಬರುತ್ತದೆ. ಬೇಕಾಗಿದ್ದೂ ಅಷ್ಟೇ.

ಕಾಪಿರೈಟ್ ಬಗ್ಗೆ ಪತ್ರಕರ್ತರಾಗುವವರು ತಿಳಿದಿರಬೇಕಾದ ಒಂದು ಗೆರೆ ಇದೆ. ಘಟನೆಗೆ ಯಾರೂ ಯಜಮಾನರಲ್ಲ. ಸೇತುವೆ ಕುಸಿದದ್ದು, ಮಳೆ ಬಂದದ್ದು, ಮಂತ್ರಿ ರಾಜೀನಾಮೆ ಕೊಟ್ಟದ್ದು ಎಲ್ಲರ ಸೊತ್ತು. ಆದರೆ ಅದನ್ನು ಹೇಳಿದ ರೀತಿ, ಆ ವಾಕ್ಯಗಳು, ಆ ಜೋಡಣೆ ಬರೆದವರ ದುಡಿಮೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಕಾಯುವುದು ಎರಡನೆಯದನ್ನು. ಪ್ರಚಲಿತ ವಿದ್ಯಮಾನಗಳ ವರದಿಗಾಗಿ ನ್ಯಾಯಯುತವಾಗಿ ಬಳಸಿಕೊಳ್ಳಲು ಅದೇ ಕಾಯ್ದೆ ಅವಕಾಶವನ್ನೂ ಕೊಡುತ್ತದೆ. ಇನ್ನೊಬ್ಬರ ಬರಹವನ್ನು ಹೆಸರು ಹೇಳದೆ ತನ್ನದೆಂದು ತೋರಿಸುವುದು ವೃತ್ತಿಧರ್ಮಕ್ಕೆ ದ್ರೋಹ ಅನ್ನುವುದು ಭಾರತೀಯ ಪತ್ರಿಕಾ ಮಂಡಳಿಯ ನಡವಳಿಕೆ ಸಂಹಿತೆಯಲ್ಲೂ ಇದೆ.

ಹಾಗಂತ ಕದಿಯುವವರು ಮುಂಚೆ ಇರಲಿಲ್ಲವೇ? ಧಾರಾಳವಾಗಿ ಇದ್ದರು. 1898ರಲ್ಲಿ ಸ್ಪೇನ್–ಅಮೆರಿಕ ಯುದ್ಧದ ಹೊತ್ತಿನಲ್ಲಿ ನ್ಯೂಯಾರ್ಕ್‌ನ ಎರಡು ಪತ್ರಿಕೆಗಳ ನಡುವೆ ಹಾವು–ಮುಂಗುಸಿ ಪೈಪೋಟಿ. ಒಂದು ವಿಲಿಯಂ ರಾಂಡಾಲ್ಫ್ ಹರ್ಸ್ಟ್‌ನ ‘ಜರ್ನಲ್’, ಇನ್ನೊಂದು ಜೋಸೆಫ್ ಪುಲಿಟ್ಜರ್‌ನ ‘ವರ್ಲ್ಡ್’. ತನ್ನ ಸುದ್ದಿಯನ್ನು ಎದುರಾಳಿ ಎತ್ತಿಕೊಳ್ಳುತ್ತಿದೆ ಅನ್ನುವ ಗುಮಾನಿ ಜರ್ನಲ್‌ಗೆ. ಒಂದು ದಿನ ಅದು, ಕರ್ನಲ್ ರೆಫ್ಲಿಪ್ ಡಬ್ಲ್ಯು. ತೆನಜ್ ಎಂಬ ಆಸ್ಟ್ರಿಯಾದ ಫಿರಂಗಿ ಪರಿಣತ ಯುದ್ಧದಲ್ಲಿ ಮಡಿದ ಅಂತ ಸುದ್ದಿ ಹಾಕಿತು. ವರ್ಲ್ಡ್‌ನಲ್ಲೂ ಆ ಸುದ್ದಿ ಬಂತು. ಆಮೇಲೆ ಜರ್ನಲ್ ಗುಟ್ಟು ಬಿಚ್ಚಿತು: ಅಂಥ ಮನುಷ್ಯನೇ ಇಲ್ಲ! ಆ ಹೆಸರಿನ ಮೊದಲ ಭಾಗದ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದು ಮಾಡಿ ಜೋಡಿಸಿದರೆ ‘ವಿ ಪಿಲ್ಫರ್’. ಕೊನೆಯ ಭಾಗವನ್ನು ಬಿಡಿಸಿ ಓದಿದರೆ ‘ದ ನ್ಯೂಸ್’. ಒಟ್ಟು ಅರ್ಥ, ‘ನಾವು ಸುದ್ದಿ ಕದಿಯುತ್ತೇವೆ’.

ಓದುವಾಗ ನಗು ಬರುತ್ತದೆ. 2003ರ ಜೇಸನ್ ಬ್ಲೇರ್ ಪ್ರಕರಣ ಓದಿದರೆ ನಗು ಬರುವುದಿಲ್ಲ. ನ್ಯೂಯಾರ್ಕ್ ಟೈಮ್ಸ್‌ನ ಈ ಯುವ ವರದಿಗಾರ, ಇರಾಕ್‌ನಲ್ಲಿ ನಾಪತ್ತೆಯಾಗಿದ್ದ ಸೈನಿಕನೊಬ್ಬನ ಕುಟುಂಬದ ಬಗ್ಗೆ ಬರೆದ ವರದಿ, ಟೆಕ್ಸಸ್‌ನ ಇನ್ನೊಂದು ಪತ್ರಿಕೆಯಲ್ಲಿ ಅದಾಗಲೇ ಬಂದಿದ್ದ ವರದಿಯನ್ನು ಹೋಲುತ್ತಿತ್ತು. ಕೆದಕಿದಾಗ ಅಂಥವು ಸಾಲುಸಾಲಾಗಿ ಹೊರಬಂದವು. ಹೋಗದ ಊರಿಗೆ ಹೋದೆ ಅಂತ ಬರೆದದ್ದು, ಆಡದ ಮಾತನ್ನು ಆಡಿದರು ಅಂತ ಬರೆದದ್ದು. ಅವರು ರಾಜೀನಾಮೆ ಕೊಟ್ಟರು. ಪತ್ರಿಕೆ ತನ್ನ ಮೊದಲ ಪುಟದಲ್ಲೇ ಇದನ್ನೆಲ್ಲ ಬಿಡಿಸಿಟ್ಟು ಓದುಗರ ಮುಂದೆ ನಿಂತಿತು.

‘ಅಕ್ಕಾ, ನಾವ್ಯಾವಾಗ ಧರಣಿ ಮಾಡಿದ್ವಿ?’

ಅಮೆರಿಕದ ಮಾತು ಅಮೆರಿಕಕ್ಕಾಯಿತು. ನನ್ನ ಇಂಟರ್ನ್‌ಶಿಪ್‌ನಲ್ಲಿ ನಡೆದದ್ದು ಹೇಳುತ್ತೇನೆ.

ಕಾಲೇಜಿನ ಹುಡುಗಿಯರಿಗೆ ಸಂಜೆ ಬಸ್ಸಿಲ್ಲ ಅಂತ ಒಂದು ಹಳ್ಳಿಯಿಂದ ದೂರು ಬಂತು. ಪ್ರಾಕ್ಟಿಕಲ್ ಮುಗಿಯುವುದು ನಾಲ್ಕೂವರೆಗೆ, ಬಸ್ಸು ಹೊರಡುವುದು ನಾಲ್ಕೂಕಾಲಿಗೆ. ಅದು ತಪ್ಪಿದರೆ ಕಾಡು ದಾರಿಯಲ್ಲಿ ಆರು ಕಿಲೊಮೀಟರ್ ನಡಿಗೆ. ನಾನು ಮೂರು ಸಂಜೆ ಆ ಸ್ಟಾಪಿನಲ್ಲಿ ಅವರ ಜೊತೆ ನಿಂತೆ. ಒಂದು ದಿನ ಜೊತೆಗೇ ನಡೆದೆ. ಹುಡುಗಿಯರ ಮಾತು, ಮೇಷ್ಟ್ರ ಮಾತು, ಅಧಿಕಾರಿಯ ಸಮಜಾಯಿಷಿ ಎಲ್ಲ ಸೇರಿಸಿ ಮುನ್ನೂರು ಪದದ ಕಾಪಿ ಕೊಟ್ಟೆ. ಡೆಸ್ಕಿನಲ್ಲಿ ಇನ್ನೂರಕ್ಕೆ ಇಳಿದು ಮೂರನೇ ಪುಟದಲ್ಲಿ ಬಂತು.

ಅವತ್ತು ಮಧ್ಯಾಹ್ನದೊಳಗೆ ಅದೇ ವರದಿ, ಅಕ್ಷರ ಅಲ್ಲಾಡದಂತೆ, ಒಂದು ಕಡೆ ಮೊಬೈಲಿನಲ್ಲಿ ಕಾಣಿಸಿತು. ನಮ್ಮ ಪತ್ರಿಕೆಯ ಹೆಸರಿಲ್ಲ. ಸಂಜೆಗೆ ಇನ್ನೊಂದು ಕಡೆ ಬಂತು. ಅಲ್ಲಿ ಯಾರೋ ಸ್ವಲ್ಪ ‘ಖಾರ’ ಹಾಕಿದ್ದರು. ತಲೆಬರಹ: ‘ಬಸ್ ತಡೆದು ವಿದ್ಯಾರ್ಥಿನಿಯರ ಧರಣಿ’. ಒಳಗೆ ನನ್ನ ವಾಕ್ಯಗಳೇ. ಹುಡುಗಿಯೊಬ್ಬಳ ಹೆಸರೂ ಹಾಗೇ ಇತ್ತು.

ರಾತ್ರಿ ಆ ಹುಡುಗಿಯ ಫೋನು. ‘ಅಕ್ಕಾ, ನಾವ್ಯಾವಾಗ ಧರಣಿ ಮಾಡಿದ್ವಿ?’ ಅವಳ ದೊಡ್ಡಪ್ಪ ಮೊಬೈಲ್ ಹಿಡಿದುಕೊಂಡು ಮನೆಗೆ ಬಂದಿದ್ದರಂತೆ. ‘ನಿನ್ನ ಕಾಲೇಜಿಗೆ ಕಳಿಸಿದ್ದು ಓದೋಕಾ, ರಸ್ತೇಲಿ ಕೂರೋಕಾ?’ ಅಂತ ಕೇಳಿದರಂತೆ. ನಾಳೆಯಿಂದ ಹೋಗುವುದು ಬೇಡ ಅಂತ ತೀರ್ಮಾನವೂ ಆಗಿತ್ತು.

ಮುಖ್ಯ ಉಪಸಂಪಾದಕರು ಆ ಖಾರದ ಸುದ್ದಿ ಹಾಕಿದವರಿಗೆ ಫೋನ್ ಮಾಡಿದರು. ‘ನಮಗೆ ಬೇರೆ ಕಡೆಯಿಂದ ಬಂತು ಸರ್’ ಅಂದರು. ಆ ಬೇರೆ ಕಡೆಯವರು ಮತ್ತೊಂದು ಕಡೆ ಕೈ ತೋರಿಸಿದರು. ಎರಡು ದಿನದ ಮೇಲೆ ಸುದ್ದಿ ಅಳಿಸಿದರು. ತಪ್ಪಾಗಿತ್ತು ಅಂತ ಒಂದು ಸಾಲು ಎಲ್ಲೂ ಬರಲಿಲ್ಲ. ನಾನು ನಮ್ಮ ಪತ್ರಿಕೆಯ ಆ ದಿನದ ಕಾಪಿಯೊಂದನ್ನು ಹಿಡಿದು ಹಳ್ಳಿಗೆ ಹೋದೆ. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ‘ಇದ್ರಲ್ಲಿ ಹಂಗೇನೂ ಇಲ್ವಲ್ಲ’ ಅಂದರು. ‘ಇಲ್ಲ ದೊಡ್ಡಪ್ಪ, ಬರೆದವಳು ನಾನೇ. ಏನಾದ್ರೂ ಇದ್ರೆ ನನ್ನ ಕೇಳಿ’ ಅಂದೆ. ಮೂರು ದಿನ ತಪ್ಪಿಸಿಕೊಂಡ ಹುಡುಗಿ ನಾಲ್ಕನೇ ದಿನ ಕಾಲೇಜಿಗೆ ಹೋದಳು. ಬಸ್ಸಿನ ಸಮಯ ಬದಲಾಗಲು ಮತ್ತೆ ಒಂದು ತಿಂಗಳು ಹಿಡಿಯಿತು.

ಕಾಪಿ ಕೊಡುವುದಕ್ಕೂ ಕಾಪಿ ಹೊಡೆಯುವುದಕ್ಕೂ ಇರುವ ವ್ಯತ್ಯಾಸ ನನಗೆ ಯಾವ ಪಠ್ಯಪುಸ್ತಕದಲ್ಲೂ ಇಷ್ಟು ಸ್ಪಷ್ಟವಾಗಿ ಸಿಕ್ಕಿರಲಿಲ್ಲ. ಕೊಟ್ಟ ಕಾಪಿಯ ಹಿಂದೆ ಒಬ್ಬರು ಇರುತ್ತಾರೆ. ಅವರ ಹತ್ತಿರ ನೋಟ್‌ಬುಕ್ ಇರುತ್ತದೆ, ಮಾತಾಡಿಸಿದವರ ಫೋನ್ ನಂಬರ್ ಇರುತ್ತದೆ. ಬಂದು ಕೇಳಿದರೆ ಉತ್ತರ ಹೇಳುತ್ತಾರೆ. ಹೊಡೆದ ಕಾಪಿಯ ಹಿಂದೆ ಹೋದರೆ ‘ನಮಗೆ ಬೇರೆ ಕಡೆಯಿಂದ ಬಂತು’ ಅನ್ನುವವರೇ ಸಿಗುತ್ತಾರೆ. ಸಾವಿರ ಪಟ್ಟಾಗುವುದು ಕಾಪಿಯ ಗುಣ. ಸರಿ ಇದ್ದರೆ ಸರಿ ಸಾವಿರ ಪಟ್ಟಾಗುತ್ತದೆ, ತಪ್ಪಿದ್ದರೆ ತಪ್ಪು. ಇವತ್ತು ಎಐ ಆ್ಯಪ್‌ಗೆ ಹೇಳಿದರೆ ಅರ್ಧ ನಿಮಿಷದಲ್ಲಿ ಕಾಗುಣಿತ ತಪ್ಪಿಲ್ಲದ ಕ್ಲೀನ್ ಕಾಪಿ ಕೊಡುತ್ತದೆ. ಆದರೆ ಅದು ಆ ಬಸ್‌ಸ್ಟಾಪಿನಲ್ಲಿ ನಿಂತಿರುವುದಿಲ್ಲ. ದೊಡ್ಡಪ್ಪ ಕೇಳಿದರೆ ಉತ್ತರ ಹೇಳಲು ಬರುವುದೂ ಇಲ್ಲ.

ಕಾಪಿ ಟೆಸ್ಟ್‌ಗೆ ತಯಾರಾ?

ಪತ್ರಿಕೆಗಳಲ್ಲಿ ಕೆಲಸ ಹುಡುಕುತ್ತಿರುವವರಿಗೆ ಕಾಪಿಯ ಇನ್ನೊಂದು ಅರ್ಥ ಕಾದಿದೆ, ಕಾಪಿ ಟೆಸ್ಟ್. ಸಂದರ್ಶನಕ್ಕೆ ಮುಂಚೆ ಕೂರಿಸಿ ಬರೆಸುವ ಪರೀಕ್ಷೆ ಇದು. ಸಾಮಾನ್ಯವಾಗಿ ಒಂದು ಇಂಗ್ಲಿಷ್ ಏಜೆನ್ಸಿ ಕಾಪಿ ಕೊಟ್ಟು ಕನ್ನಡಕ್ಕೆ ತರಲು ಹೇಳುತ್ತಾರೆ. ಎರಡು ಪುಟದ ಪತ್ರಿಕಾ ಹೇಳಿಕೆ ಕೊಟ್ಟು ನೂರೈವತ್ತು ಪದಕ್ಕೆ ಇಳಿಸಲು ಹೇಳುತ್ತಾರೆ. ತಪ್ಪು ತುಂಬಿದ ಒಂದು ಗಲೀಜು ಕಾಪಿ ಕೊಟ್ಟು ತಿದ್ದಿಸುತ್ತಾರೆ, ತಲೆಬರಹ ಕೇಳುತ್ತಾರೆ. ಎರಡು ಕಡೆ ಈ ಪರೀಕ್ಷೆ ಬರೆದವಳಾಗಿ ನನಗೆ ತಿಳಿದ ಮೂರು ಮಾತು ಹೇಳಬಹುದು.

ಒಂದು, ಹೆಸರು ಮತ್ತು ಸಂಖ್ಯೆ. ಭಾಷೆ ಎಷ್ಟೇ ಚೆಂದವಿದ್ದರೂ ‘ಲಕ್ಷ’ ಹೋಗಿ ‘ಕೋಟಿ’ಯಾದರೆ ಆ ಕಾಪಿ ನಪಾಸು. ಬರೆದ ಮೇಲೆ ಸಂಖ್ಯೆಗಳನ್ನಷ್ಟೇ ಒಂದು ಸಲ ಬೇರೆಯಾಗಿ ತಾಳೆ ನೋಡಿ. ಒಳಗಿನ ಲೆಕ್ಕವನ್ನೂ ಕೂಡಿ ನೋಡಿ. ಮೂವರು ಗಾಯಗೊಂಡರು ಅಂತ ಹೇಳಿ ನಾಲ್ಕು ಹೆಸರು ಕೊಟ್ಟಿರುವ ಪ್ರಶ್ನೆಗಳು ಬೇಕೆಂದೇ ಇಟ್ಟವು.

ಎರಡು, ಪತ್ರಿಕಾ ಹೇಳಿಕೆಯ ಹೂಮಾಲೆ. ‘ಅದ್ದೂರಿಯಾಗಿ’, ‘ವಿಜೃಂಭಣೆಯಿಂದ’, ‘ಜನಪ್ರಿಯ ನಾಯಕರಾದ’ ಇವೆಲ್ಲ ಕಳಿಸಿದವರ ಮಾತು, ನಿಮ್ಮದಲ್ಲ. ತೆಗೆದು ನೋಡಿ. ಏನು ನಡೆಯಿತು ಅನ್ನುವುದು ಉಳಿದರೆ ಅದು ಸುದ್ದಿ. ಏನೂ ಉಳಿಯದಿದ್ದರೆ ಅದೂ ಒಂದು ಮಾಹಿತಿಯೇ!

ಮೂರು, ಯಾರು ಹೇಳಿದರು ಅನ್ನುವುದು. ಆರೋಪವನ್ನು ಆರೋಪ ಅಂತಲೇ ಬರೆಯಬೇಕು. ಅನುವಾದದ ಭರದಲ್ಲಿ ‘ಎಂದು ಪೊಲೀಸರು ತಿಳಿಸಿದ್ದಾರೆ’ ಅನ್ನುವ ಬಾಲ ಕಳಚಿ ಬಿದ್ದರೆ, ವಿಚಾರಣೆಯೇ ಆಗದವನು ಅಪರಾಧಿಯಾಗಿಬಿಡುತ್ತಾನೆ.

ಮನೆಯಲ್ಲೇ ಮಾಡಬಹುದಾದ ಅಭ್ಯಾಸವೊಂದಿದೆ. ಇಂಗ್ಲಿಷ್ ಪತ್ರಿಕೆಗಳಲ್ಲಿ ‘ಕಾಪಿ’ ಪದ ಇರುವ ಐದು ವಾಕ್ಯ ಹುಡುಕಿ ಕನ್ನಡಕ್ಕೆ ತನ್ನಿ. ಪುಸ್ತಕ ಹತ್ತು ಸಾವಿರ ‘ಕಾಪಿ’ ಮಾರಾಟವಾದರೆ ಅಲ್ಲಿ ‘ಪ್ರತಿ’. ಪರೀಕ್ಷೆಯಲ್ಲಾದರೆ ‘ನಕಲು’. ನ್ಯಾಯಾಲಯದ ಆದೇಶದ್ದಾದರೆ ‘ದೃಢೀಕೃತ ಪ್ರತಿ’. ಜಾಹೀರಾತಿನದಾದರೆ ‘ಒಕ್ಕಣೆ’. ವರದಿಗಾರ ಕಳಿಸಿದ್ದಾದರೆ ‘ವರದಿ’. ವೈರ್‌ಲೆಸ್‌ನಲ್ಲಿ ‘ಕಾಪಿ’ ಅಂದರೆ ‘ಕೇಳಿಸಿತು’. ಹಿಂದೆ ತಂತಿಯಲ್ಲಿ ಬರುವ ಮೋರ್ಸ್ ಸಂಕೇತಗಳನ್ನು ಕೇಳುತ್ತಾ ಬರೆದುಕೊಳ್ಳುವುದಕ್ಕೂ ಕಾಪಿ ಅನ್ನುತ್ತಿದ್ದರು, ಅದು ಹಾಗೇ ಉಳಿದುಕೊಂಡಿತು. ಇಂಗ್ಲಿಷ್ ಒಂದೇ ಚೀಲಕ್ಕೆ ತುಂಬಿದ್ದನ್ನು ನಮ್ಮ ಭಾಷೆ ಬೇರೆ ಬೇರೆ ಡಬ್ಬಿಯಲ್ಲಿ ಇಟ್ಟಿದೆ. ಯಾವ ಡಬ್ಬಿ ತೆಗೆಯಬೇಕು ಅಂತ ಗೊತ್ತಾಗಬೇಕಾದರೆ, ಯಾರು, ಎಲ್ಲಿ, ಯಾರಿಗೆ ಹೇಳುತ್ತಿದ್ದಾರೆ ಅಂತ ನೋಡಬೇಕು. ಉಪಸಂಪಾದಕರ ದಿನದ ಅರ್ಧ ಕೆಲಸ ಅದೇ.

ಅಂದಹಾಗೆ, ಕಾಪಿ ಟೆಸ್ಟ್‌ನಲ್ಲಿ ಮೇಲ್ವಿಚಾರಕರು ಕೊನೆಗೆ ‘ಟೈಮ್ ಆಯ್ತು, ಕಾಪಿ ಕೊಡಿ’ ಅಂದಾಗ ಗಾಬರಿಯಾಗಬೇಡಿ. ಅವರು ಚೀಟಿ ಹುಡುಕುತ್ತಿಲ್ಲ. ನೀವು ಬರೆದದ್ದನ್ನು ಕೇಳುತ್ತಿದ್ದಾರೆ. ಕೊಡುವ ಮುಂಚೆ ಮೇಲೆ ನಿಮ್ಮ ಹೆಸರು ಬರೆದಿದ್ದೀರಾ ನೋಡಿಕೊಳ್ಳಿ.